ರಾಗಿಯ ಹೂವನ್ನು ಕಂಡಿದ್ದೀರಾ?



ಗೊರವನಹಳ್ಳಿಯ ಮಹಾಲಕ್ಷ್ಮಿಯ ದರ್ಶನಕ್ಕೆ ಶುಕ್ರವಾರ ಬಂತೆಂದರೆ ಎಷ್ಟು ಜನ ಸೇರುತ್ತಾರೆಂಬುದು ನಿಮಗೆ ಗೊತ್ತೇ ಇದೆ. ಕೊರಟಗೆರೆಯವರು, ಮಧುಗಿರಿಯವರು, ಶಿರಾ ಕಡೆಯವರು, ದೂರದ ಪಾವಗಡದವರು. ಬಹುಪಾಲು ಬೇಸಾಯದ ಮನೆಯವರೇ. ಆ ಗುಡಿಯ ಅಂಗಳದಲ್ಲಿ ನಿಂತು, ಬಂದವರನ್ನೆಲ್ಲ ಒಂದು ಮಾತು ಕೇಳಿ ನೋಡಿ: ‘ರಾಗಿಯ ಹೂವನ್ನು ಕಂಡಿದ್ದೀರಾ?’ ದಿನಾ ಎರಡು ಹೊತ್ತು ಮುದ್ದೆ ಉಣ್ಣುವ ಜನ ನಾವು. ಹುಟ್ಟಿದ ಮಗುವಿಗೆ ರಾಗಿ ಸರಿ, ಹಲ್ಲು ಬಿದ್ದ ಅಜ್ಜನಿಗೆ ರಾಗಿ ಅಂಬಲಿ. ಬಿತ್ತಿದ್ದೇವೆ, ಕುಂಟೆ ಹೊಡೆದಿದ್ದೇವೆ, ಕಳೆ ತೆಗೆದಿದ್ದೇವೆ, ಕೊಯ್ದಿದ್ದೇವೆ, ಕಣ ಮಾಡಿದ್ದೇವೆ. ಹೂವನ್ನು ಮಾತ್ರ ಕಂಡವರು ನೂರಕ್ಕೆ ಒಬ್ಬರು ಸಿಕ್ಕಿಯಾರೋ ಇಲ್ಲವೋ. ‘ರಾಗಿಗೆಲ್ಲಿಯ ಹೂವು ಸ್ವಾಮಿ, ತೆನೆ ಬರ್ತದೆ, ಕಾಳು ಕಟ್ತದೆ’ ಎನ್ನುವವರೇ ಹೆಚ್ಚು.

ಹೂವು ಉಂಟು. ಅದು ಅರಳುವುದು ನಾವು ಮಲಗಿರುವ ಹೊತ್ತಿನಲ್ಲಿ. ರಾತ್ರಿ ಒಂದು ಗಂಟೆಯಿಂದ ಬೆಳಗಿನ ಜಾವ ಐದು ಗಂಟೆಯೊಳಗೆ. ತೆನೆಯ ಒಂದೊಂದು ಬೆರಳಿನಲ್ಲೂ ಮೇಲ್ತುದಿಯಿಂದ ಕೆಳಕ್ಕೆ ಹೂವು ಬಿಡುತ್ತ ಬರುತ್ತದೆ. ಇಡೀ ತೆನೆ ಅರಳಿ ಮುಗಿಯಲು ಏಳೆಂಟು ದಿನ ಹಿಡಿಯುತ್ತದೆ. ಎಷ್ಟು ಸಣ್ಣ ಹೂವೆಂದರೆ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ನೂಲಿನ ಎಳೆಯಂಥ ಮೂರು ಕೇಸರಗಳು ಹೊರಕ್ಕೆ ಇಣುಕುತ್ತವೆ, ಅಷ್ಟೆ. ಆಷಾಢದಲ್ಲಿ ಬಿತ್ತಿದ ರಾಗಿಯಾದರೆ ಮಹಾಲಯ ಅಮಾವಾಸ್ಯೆಯಿಂದ ದಸರಾ ಹೊತ್ತಿಗೆ ಹೂವಿಗೆ ಬಂದಿರುತ್ತದೆ. ಕಾವಲಿಗೆ ಹೋದ ರಾತ್ರಿ ಒಂದು ಬ್ಯಾಟರಿ ಹಿಡಿದು ತೆನೆಯ ಹತ್ತಿರ ಕೂತು ನೋಡಿ. ಹುಡುಗರನ್ನೂ ಎಬ್ಬಿಸಿಕೊಂಡು ಹೋಗಿ. ಖರ್ಚಿಲ್ಲ, ಟಿಕೆಟ್ಟಿಲ್ಲ.

‘ನೋಡಿ ಏನಾಗಬೇಕು?’ ಅಂತೀರಿ. ಅದನ್ನೇ ಹೇಳಲು ಬಂದೆ.

ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ಲಕ್ಷ್ಮಣಯ್ಯನವರೆಂದು ಒಬ್ಬರಿದ್ದರು. ಬಾಳಿನುದ್ದಕ್ಕೂ ರಾಗಿಯ ಬೆನ್ನು ಹತ್ತಿದವರು. ಜನ ಅವರನ್ನು ‘ರಾಗಿ ಲಕ್ಷ್ಮಣಯ್ಯ’ ಎಂದೇ ಕರೆದರು. 1993ರಲ್ಲಿ ತೀರಿಕೊಂಡರು. ಎರಡು ಒಳ್ಳೆಯ ತಳಿಗಳನ್ನು ಕೂಡಿಸಿ ಮೂರನೆಯದನ್ನು ಪಡೆಯಬೇಕಾದರೆ ಒಂದರ ಹೂವಿನ ಪುಡಿ ಇನ್ನೊಂದರ ಹೂವಿಗೆ ಬೀಳಬೇಕಲ್ಲವೆ? ಜೋಳದಂತೆ, ಹತ್ತಿಯಂತೆ ರಾಗಿಯಲ್ಲಿ ಅದು ಸುಲಭವಲ್ಲ. ಹೂವು ಸಣ್ಣದು, ಅರಳುವುದು ಅಪರಾತ್ರಿಯಲ್ಲಿ, ಅರಳುವಷ್ಟರಲ್ಲಿ ತನ್ನ ಪುಡಿಯನ್ನು ತಾನೇ ಹಾಕಿಕೊಂಡು ಮುಗಿಸಿರುತ್ತದೆ. ಆದ್ದರಿಂದ ಎರಡು ತಳಿಯ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಕಟ್ಟಿಬಿಡುವುದು, ಎಲ್ಲೋ ನಾಲ್ಕು ಕಾಳು ಬೆರಕೆಯಾದರೆ ಆ ನಾಲ್ಕನ್ನು ಸಾವಿರಾರು ಪೈರಿನ ನಡುವೆ ಹುಡುಕಿ ತೆಗೆಯುವುದು, ಇದು ರಾಗಿ ತಳಿಗಾರರ ದಾರಿ. ಹುಡುಕುವ ಕಣ್ಣಿಲ್ಲದವನು ಆ ಪೈರಿನ ಪಕ್ಕದಲ್ಲೇ ನಡೆದು ಹೋಗಿಬಿಡುತ್ತಾನೆ.

ಲಕ್ಷ್ಮಣಯ್ಯನವರು 1950 ಮತ್ತು 60ರ ದಶಕಗಳಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟರು. ಆಮೇಲೆ ಅವರ ಕಣ್ಣು ಆಫ್ರಿಕಾದ ರಾಗಿಯ ಮೇಲೆ ಬಿತ್ತು. ರಾಗಿಯ ತೌರೂರೇ ಆಫ್ರಿಕಾ. ಅಲ್ಲಿಯ ತೆನೆ ದಪ್ಪ, ಕಾಳು ದಪ್ಪ. ಅದನ್ನು ನಮ್ಮ ರಾಗಿಯೊಡನೆ ಕೂಡಿಸಿದರೆ ಏನಾದೀತು ಎಂಬ ಕುತೂಹಲ. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಎರಡೂ ಸೇರಿ ‘ಇಂಡಾಫ್’ ಆಯಿತು. 1970ರ ದಶಕದಲ್ಲಿ ಇಂಡಾಫ್ ರಾಗಿ ನಮ್ಮ ಕಣಗಳ ರಾಶಿಯನ್ನು ಎತ್ತರಿಸಿತು. ಈಗ ನೀವು ಬಿತ್ತುತ್ತಿರುವ ಜಿ.ಪಿ.ಯು.-28ರ ಮೈಯಲ್ಲೂ ಇಂಡಾಫ್‌ನ ರಕ್ತವೇ ಹರಿಯುತ್ತಿದೆ. ನಮ್ಮ ತಟ್ಟೆಯ ಮುದ್ದೆಯಲ್ಲಿ ಒಬ್ಬ ಮನುಷ್ಯನ ‘ಏನಾದೀತು ನೋಡೋಣ’ ಎಂಬ ಮಾತೂ ಬೆರೆತಿದೆ ಎಂದರೆ ಹೆಚ್ಚಾಗಲಿಲ್ಲ.

ಅವರು ಓದಿದವರು, ಸರಕಾರದ ಫಾರಮ್ಮಿನಲ್ಲಿದ್ದವರು, ನಮಗೆಲ್ಲಿಯದು ಅಂದುಕೊಳ್ಳಬೇಡಿ. ನಮ್ಮ ಹಿರಿಯರಿಗೆ ಓದಿರಲಿಲ್ಲ, ನೋಡುವ ಅಭ್ಯಾಸ ಮಾತ್ರ ಗಟ್ಟಿಯಾಗಿತ್ತು. ಹಗೇವು ನೆನಪಿದೆಯೆ? ನೆಲದಲ್ಲಿ ಗುಂಡಿ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳ ಹಿಡಿಯುತ್ತಿರಲಿಲ್ಲ. ಕಾರಣ ಏನೆಂದರೆ, ಮುಚ್ಚಿದ ಗುಂಡಿಯಲ್ಲಿ ಕಾಳೂ ಉಸಿರಾಡುತ್ತದೆ, ಹುಳವೂ ಉಸಿರಾಡುತ್ತದೆ, ಒಳಗಿನ ಒಳ್ಳೆಯ ಗಾಳಿ ಮುಗಿದು ಕೆಟ್ಟ ಗಾಳಿ ತುಂಬುತ್ತದೆ, ಹುಳ ಸಾಯುತ್ತದೆ. ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಆದ್ದರಿಂದ ಹಿರಿಯರು ಬಾಯಿ ತೆಗೆದ ದಿನ ಇಳಿಯುತ್ತಿರಲಿಲ್ಲ. ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಆರಿಹೋದರೆ ಹಿಂದಕ್ಕೆ ಸರಿಯುತ್ತಿದ್ದರು. ಮೊದಲು ಯಾರೋ ಒಬ್ಬ ‘ದೀಪ ಆರಿದ್ದು ಯಾಕೆ?’ ಎಂದು ಯೋಚಿಸಿರಬೇಕು. ಇವತ್ತು ಹಗೇವು ಕಡಿಮೆಯಾದವು. ಹಾಳುಬಾವಿಗಳು ಮಾತ್ರ ಹಾಗೇ ಇವೆ. ಹೂಳು ತೆಗೆಯಲು ಒಬ್ಬ ಇಳಿದು ಬಿದ್ದ, ಅವನನ್ನು ಎತ್ತಲು ಇನ್ನೊಬ್ಬ ಇಳಿದು ಅವನೂ ಬಿದ್ದ ಎಂಬ ಸುದ್ದಿ ಆಗಾಗ ಕೇಳುತ್ತೀರಿ. ದೀಪ ಉರಿದರೂ ಪೂರ್ತಿ ನಂಬಬೇಡಿ. ಸೊಂಟಕ್ಕೆ ಹಗ್ಗವಿಲ್ಲದೆ, ಮೇಲೆ ಜನವಿಲ್ಲದೆ ಇಳಿಯಲೇಬೇಡಿ.

ಇನ್ನು ಕಡ್ಲೆಕಾಯಿಯ ಮಾತಿಗೆ ಬರೋಣ. ಪಾವಗಡ, ಮಧುಗಿರಿ, ಶಿರಾ ಸೀಮೆಯ ಜೀವಾಳವೇ ಅದು. ಕೆಲವು ವರ್ಷ ನೋಡಿದ್ದೀರಿ, ಹಸುರಾಗಿ ಎದ್ದು ನಿಂತ ಹೊಲ ನಾಲ್ಕಾರು ದಿನದಲ್ಲಿ ಬರಿ ಕಡ್ಡಿ. ಕಂಬಳಿ ಹುಳು! ಕೆಂಪು ತಲೆ, ಮೈತುಂಬ ಕೂದಲು. ಒಂದು ಹೊಲ ಮುಗಿಸಿ ದಂಡು ಹೊರಟಂತೆ ಪಕ್ಕದ ಹೊಲಕ್ಕೆ ನಡೆಯುತ್ತದೆ. ದಾರಿಯಲ್ಲಿ ಚಕ್ಕಡಿ ಹೋದರೆ ಗಾಲಿ ಜಾರುವಷ್ಟು. ಎಲ್ಲಿಂದ ಬಂತು ಎಂದರೆ ‘ಮೋಡದಿಂದ ಉದುರಿತು’ ಎನ್ನುವವರುಂಟು, ‘ಗಾಳಿ ತಂತು’ ಎನ್ನುವವರುಂಟು, ‘ಯಾರದೋ ಕಣ್ಣು ಬಿತ್ತು’ ಎನ್ನುವವರೂ ಉಂಟು. ಕಣ್ಣು ಬೀಳಲಿಲ್ಲ ಬಂಧುಗಳೆ. ಬೀಳಬೇಕಾದ ಕಣ್ಣು ಹೊಲದ ಮೇಲೆ ಸಕಾಲದಲ್ಲಿ ಬೀಳಲಿಲ್ಲ, ಅದೇ ತೊಂದರೆ.

ಅದರ ಕತೆ ಕೇಳಿ. ಹೋದ ವರ್ಷ ಹೊಲ ತಿಂದ ಹುಳು ಕೊಬ್ಬಿ, ಬದುವಿನ ಅಂಚಿನಲ್ಲಿ, ಮರದ ನೆರಳಿನಲ್ಲಿ ಮಣ್ಣೊಳಗೆ ಗೇಣುದ್ದ ಇಳಿದು, ಕಂದು ಬಣ್ಣದ ಕೋಶವಾಗಿ ಮಲಗಿತು. ತಿಂಗಳುಗಟ್ಟಲೆ ನಿದ್ದೆ. ಮುಂಗಾರಿನ ಮೊದಲ ದೊಡ್ಡ ಮಳೆ ಮಣ್ಣನ್ನು ನೆನೆಸಿದಾಗ ಎಚ್ಚರವಾಗಿ ಚಿಟ್ಟೆಯಾಗಿ ಮೇಲೆ ಬರುತ್ತದೆ. ಬಿಳಿ ರೆಕ್ಕೆಯ ಚಿಟ್ಟೆ. ಮಳೆಯ ಮಾರನೆಯ ರಾತ್ರಿಗಳಲ್ಲಿ ನಿಮ್ಮ ಮನೆ ಜಗುಲಿಯ ದೀಪಕ್ಕೆ ಬಂದು ಬಡಿದುಕೊಳ್ಳುತ್ತದೆ. ನೀವು ‘ಹಾಳು ಚಿಟ್ಟೆ’ ಎಂದು ದೀಪ ಆರಿಸಿ ಮಲಗುತ್ತೀರಿ. ಆ ಚಿಟ್ಟೆಯೇ ಮುಂದಿನ ಕಂಬಳಿ ಹುಳುವಿನ ತಾಯಿ! ಎಲೆಯ ಅಡಿಗೆ ನೂರಾರು ಮೊಟ್ಟೆಗಳನ್ನು ಒಂದೇ ಗುಂಪಾಗಿ ಇಡುತ್ತದೆ. ಮೂರು ನಾಲ್ಕು ದಿನಕ್ಕೆ ಮರಿ. ಮರಿಗಳು ಮೊದಲು ಒಂದೇ ಎಲೆಯ ಮೇಲೆ ಗುಂಪಾಗಿ ಕೂತು ಹಸುರನ್ನು ಕೆರೆದು ತಿನ್ನುತ್ತವೆ. ಎಲೆ ಜರಡಿಯಂತೆ ಕಾಣುತ್ತದೆ. ಆಮೇಲೆ ಚೆದುರುತ್ತವೆ. ಚೆದುರಿ ಬಲಿತ ಮೇಲೆ ಔಷಧಿಯೂ ಸುಲಭವಾಗಿ ಹತ್ತುವುದಿಲ್ಲ.

ಇಷ್ಟು ತಿಳಿದವನಿಗೆ ಎಷ್ಟು ಕಡೆ ಹಿಡಿತ ಸಿಕ್ಕಿತು ನೋಡಿ. ಬೇಸಗೆಯಲ್ಲಿ ಮಾಗಿ ಉಳುಮೆ ಮಾಡಿದರೆ ಕೋಶ ಮೇಲೆ ಬಿದ್ದು ಬಿಸಿಲಿಗೆ ಸಾಯುತ್ತದೆ; ಕಾಗೆ, ಗೊರವಂಕ, ಬೆಳ್ಳಕ್ಕಿ ನೇಗಿಲ ಹಿಂದೆಯೇ ಬಂದು ಆರಿಸಿ ತಿನ್ನುತ್ತವೆ. ಮೊದಲ ಮಳೆಯ ಮೇಲೆ ನಾಲ್ಕಾರು ರಾತ್ರಿ ಸಂಜೆಯಿಂದ ಹತ್ತು ಹನ್ನೊಂದರವರೆಗೆ ಬದುಗಳ ಮೇಲೆ ಬೆಂಕಿ ಹಾಕಿದರೆ ಚಿಟ್ಟೆ ತಾನಾಗಿ ಬಂದು ಬೀಳುತ್ತದೆ. ದೀಪದ ಕೆಳಗೆ ನೀರಿನ ಬೋಗುಣಿ ಇಟ್ಟು ಎರಡು ಹನಿ ಸೀಮೆಎಣ್ಣೆ ಬಿಟ್ಟರೂ ಆದೀತು. ಆದರೆ ಒಬ್ಬನೇ ಹಾಕಿದರೆ ಊರ ಚಿಟ್ಟೆಯೆಲ್ಲ ಅವನ ಹೊಲಕ್ಕೇ ನೆರೆಯುತ್ತದೆ. ಊರೊಟ್ಟಿನಲ್ಲಿ ಒಂದೇ ರಾತ್ರಿ ಎಲ್ಲರೂ ಹಾಕಬೇಕು. ಇನ್ನು ಮೊಟ್ಟೆಯ ಗುಂಪು, ಜರಡಿಯಾದ ಎಲೆ ಇವನ್ನು ಕಿತ್ತು ತರಲು ಮಕ್ಕಳಿಗಿಂತ ಚುರುಕು ಯಾರೂ ಇಲ್ಲ. ಒಂದು ಎಲೆ ಕಿತ್ತರೆ ನೂರಾರು ಹುಳು ಹೋಯಿತು. ಇದೇ ಕೆಲಸ ಹದಿನೈದು ದಿನ ತಡವಾದರೆ ನೂರಾರು ರೂಪಾಯಿ ಔಷಧಿಯಿಂದಲೂ ಆಗದು.

ಮಕ್ಕಳ ಮಾತು ಬಂತು. ಮಗು ದಿನಕ್ಕೆ ಹತ್ತು ಸಲ ‘ಯಾಕಪ್ಪಾ?’ ಅನ್ನುತ್ತದೆ. ನಾವು ‘ಸುಮ್ನಿರೋ, ತಲೆ ತಿನ್ಬೇಡ’ ಅನ್ನುತ್ತೇವೆ. ಹತ್ತನೆಯ ಸಲಕ್ಕೆ ಅದು ಕೇಳುವುದನ್ನೇ ಬಿಡುತ್ತದೆ. ನನ್ನ ಕಣ್ಣಿಗೆ ಇದು ಬೀಜದ ರಾಗಿಯನ್ನು ಬೀಸಿ ಉಂಡಂತೆ. ಸಂಜೆ ಕತ್ತಲಾದ ಮೇಲೆ ಕಡ್ಲೆಕಾಯಿ ಗಿಡದ ಎಲೆಗಳು ಕೈಮುಗಿದಂತೆ ಮಡಚಿಕೊಳ್ಳುತ್ತವೆ. ಹುಣಸೆ ಎಲೆಯೂ ಹಾಗೇ. ಇದನ್ನು ದೊಡ್ಡವರಿಗಿಂತ ಮೊದಲು ಕಾಣುವುದು ಮಕ್ಕಳೇ. ‘ಹೂವು ಮೇಲೆ ಬಿಡ್ತದೆ, ಕಾಯಿ ನೆಲದಾಗೆ ಹೆಂಗೆ ಆಗ್ತದೆ?’ ಎಂದು ಒಂದು ಮಗು ಕೇಳಿತೆನ್ನಿ. ಗದರಬೇಡಿ, ಹೊಲಕ್ಕೆ ಕರೆದುಕೊಂಡು ಹೋಗಿ ಒಂದು ಗಿಡ ಕೀಳಿ. ಹಳದಿ ಹೂವು ಬಾಡಿದ ಜಾಗದಿಂದ ಸೂಜಿಯಂಥ ಕಡ್ಡಿಯೊಂದು ಹೊರಟು ಕೆಳಕ್ಕೆ ಬಾಗಿ ಮಣ್ಣನ್ನು ಚುಚ್ಚಿರುತ್ತದೆ. ಅದರ ತುದಿಯೇ ಉಬ್ಬಿ ಕಾಯಿ. ಮಣ್ಣು ಗಟ್ಟಿಯಾಗಿದ್ದರೆ ಸೂಜಿ ಇಳಿಯುವುದಿಲ್ಲ, ಕಾಯಿ ಇಲ್ಲ. ಆ ಹೊತ್ತಿನಲ್ಲಿ ಕುಂಟೆ ಹೊಡೆದು ಸೂಜಿ ಕಿತ್ತರೂ ಕಾಯಿ ಇಲ್ಲ.

ಇನ್ನೊಂದು ವಿಚಿತ್ರ. ಕಾಯಿ ತನಗೆ ಬೇಕಾದ ಸುಣ್ಣದಂಶವನ್ನು ಬೇರಿನಿಂದ ತರಿಸಿಕೊಳ್ಳುವುದಿಲ್ಲ. ತನ್ನ ಸಿಪ್ಪೆಯ ಸುತ್ತಲಿನ ಮಣ್ಣಿನಿಂದ ತಾನೇ ಹೀರುತ್ತದೆ. ಇಲಾಖೆಯವರು ಹೂವು ಬಿಡುವ ಕಾಲದಲ್ಲಿ ಎಕರೆಗೆ 200 ಕಿಲೋ ಜಿಪ್ಸಂ ಗಿಡದ ಬುಡಕ್ಕೆ ಹಾಕಿ ಎಂದು ಹೇಳುವುದು ಇದಕ್ಕೇ. ಕಾರಣ ತಿಳಿಯದವನು ಜಿಪ್ಸಂ ತಂದು ಹೊಲದ ಮೂಲೆಯಲ್ಲಿ ರಾಶಿ ಹಾಕಿ, ಪುರಸೊತ್ತಾದಾಗ ಎರಚುತ್ತಾನೆ. ಕಾಯಿ ಜೊಳ್ಳಾದರೆ ಜಿಪ್ಸಂ ಬೈಯುತ್ತಾನೆ. ಹಾಗೆಯೇ ಗಿಡ ಕಿತ್ತಾಗ ಬೇರಿನ ಮೇಲಿನ ಸಣ್ಣ ಗಂಟುಗಳನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಆ ಗಂಟು ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಪುಕ್ಕಟೆ ಗೊಬ್ಬರ ಕೊಡುತ್ತಿದೆ ಎಂದು ಅರ್ಥ. ಬೆಳ್ಳಗೋ ಹಸುರಾಗಿಯೋ ಇದ್ದರೆ ಕೆಲಸ ಮಾಡುತ್ತಿಲ್ಲ. ಮುಂದಿನ ಸಲ ಬೀಜಕ್ಕೆ ರೈಜೋಬಿಯಂ ಲೇಪ ಬೇಕೋ ಬೇಡವೋ ಎಂಬುದಕ್ಕೆ ನಿಮ್ಮ ಉಗುರೇ ಸುಳಿವು ಕೊಡುತ್ತದೆ.

ಒಲೆಯ ಮುಂದಿರುವ ತಾಯಂದಿರಿಗೂ ಇದರಲ್ಲಿ ಪಾಲುಂಟು. ಅವರೆ, ಅಲಸಂದೆ, ಹೆಸರುಕಾಳಿನ ಮೇಲೆ ಅಂಟಿಕೊಂಡ ಬಿಳಿ ಚುಕ್ಕೆಯನ್ನು ಧೂಳೆಂದು ಬಿಟ್ಟಿದ್ದೀರಿ. ಅದು ಹುಳದ ಮೊಟ್ಟೆ. ಕಾಳು ಹೊಲದಲ್ಲಿರುವಾಗಲೇ ಕಾಯಿಯ ಮೇಲೆ ಇಟ್ಟದ್ದೂ ಇರಬಹುದು. ಮನೆಗೆ ತಂದು ಡಬ್ಬಿಗೆ ತುಂಬಿ ಎರಡು ತಿಂಗಳಾದ ಮೇಲೆ ‘ಡಬ್ಬಿ ಸರಿಯಿಲ್ಲ’ ಎನ್ನುತ್ತೇವೆ. ಬಿತ್ತನೆಗೆ ಇಡುವ ಕಾಳಿಗೆ ಅಜ್ಜಿ ಬೂದಿ ಕಲಸುತ್ತಿದ್ದಳಲ್ಲ, ಯಾಕೆ? ಕಾಳಿನ ಸಂದಿಯಲ್ಲಿ ಬೂದಿ ತುಂಬಿದರೆ ಹುಳಕ್ಕೆ ಓಡಾಡಲು ಜಾಗವಿಲ್ಲ, ನುಣುಪಾದ ಪುಡಿ ಅದರ ಮೈಯನ್ನು ಕೆರೆದು ಒಣಗಿಸುತ್ತದೆ. ಅಜ್ಜಿಯ ಕೆಲಸದಲ್ಲಿ ಅರ್ಥವಿತ್ತು. ಆದರೆ ಅಜ್ಜಿ ಹೇಳಿದ್ದೆಲ್ಲವೂ ಸರಿ ಎಂದೂ ನಾನು ಹೇಳಲಾರೆ. ಎರಡು ಡಬ್ಬಿ ಇಡಿ. ಒಂದಕ್ಕೆ ಬೂದಿ, ಇನ್ನೊಂದಕ್ಕೆ ಇಲ್ಲ. ಮೂರು ತಿಂಗಳಾದ ಮೇಲೆ ತೆಗೆದು, ಒಂದೊಂದು ಹಿಡಿ ಕಾಳಿನಲ್ಲಿ ತೂತಾದದ್ದು ಎಷ್ಟು ಎಂದು ಎಣಿಸಿ.

ಹೊಲದಲ್ಲೂ ಹೀಗೆಯೇ. ಹೊಸ ಬೀಜ ಬಂದರೆ ಒಬ್ಬ ಹತ್ತು ಎಕರೆಗೂ ಬಿತ್ತುತ್ತಾನೆ, ಇನ್ನೊಬ್ಬ ‘ನಮ್ಮಪ್ಪನ ಕಾಲದ್ದೇ ಸಾಕು’ ಎನ್ನುತ್ತಾನೆ. ಇಬ್ಬರೂ ಜೂಜಾಡಿದಂತೆಯೇ. ನಾಲ್ಕು ಸಾಲು ಹೊಸದು, ಪಕ್ಕದಲ್ಲಿ ಅದೇ ಮಣ್ಣಿನಲ್ಲಿ ನಾಲ್ಕು ಸಾಲು ಹಳೆಯದು. ಗೊಬ್ಬರ ಒಂದೇ, ಬಿತ್ತಿದ ದಿನ ಒಂದೇ, ಕಳೆ ತೆಗೆದದ್ದು ಒಂದೇ. ಬೇರೆ ಬೇರೆ ಕೊಯ್ದು, ಬೇರೆ ಬೇರೆ ಬಡಿದು, ತೂಕ ಹಾಕಿ ಗೋಡೆಯ ಮೇಲೆ ಬರೆಯಿರಿ. ಬೀಜವನ್ನೂ ಗೊಬ್ಬರವನ್ನೂ ಸಾಲಿನ ಅಂತರವನ್ನೂ ಒಂದೇ ವರ್ಷ ಬದಲಾಯಿಸಿದರೆ, ಬೆಳೆ ಚೆನ್ನಾಗಿ ಬಂದರೂ ಯಾವುದರಿಂದ ಬಂತೆಂದು ತಿಳಿಯದು. ಒಂದು ವರ್ಷದ ಲೆಕ್ಕವನ್ನೂ ನಂಬಬೇಡಿ. ನಮ್ಮ ಸೀಮೆಯಲ್ಲಿ ಎರಡು ವರ್ಷ ಒಂದೇ ತೆರನ ಮಳೆ ಯಾವಾಗ ಬಂದೀತು?

ಮಳೆ ಅಂದೆ. ಪಾವಗಡ, ಶಿರಾ ಕಡೆ ವರ್ಷಕ್ಕೆ 500ರಿಂದ 600 ಮಿಲಿಮೀಟರಿನ ಆಸುಪಾಸು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ನಿಮಗೆ ಗೊತ್ತು. ಗಾದೆ ನಿಜವೋ ಅಲ್ಲವೋ ಎಂದು ನೋಡಲು ಅಂಗಳದಲ್ಲಿ, ಮರ ಮಾಡುಗಳಿಂದ ದೂರ, ನೇರ ಗೋಡೆಯ ಒಂದು ಡಬ್ಬ ಇಡಿ. ಮಳೆ ನಿಂತ ಬೆಳಗ್ಗೆ ಮಕ್ಕಳ ಅಳತೆಪಟ್ಟಿ ಅದ್ದಿ ನೋಡಿ, ಮಳೆ ನಕ್ಷತ್ರದ ಹೆಸರಿನ ಮುಂದೆ ಪಂಚಾಂಗದಲ್ಲೇ ಬರೆಯಿರಿ. ಡಬ್ಬದಲ್ಲಿ 10 ಮಿಲಿಮೀಟರು ನಿಂತಿತೆಂದರೆ ಒಂದು ಎಕರೆಯ ಮೇಲೆ ಸುಮಾರು 40,000 ಲೀಟರು ನೀರು ಬಿತ್ತು. ಅದರಲ್ಲಿ ಎಷ್ಟು ನಿಮ್ಮ ಬದುವಿನೊಳಗೆ ಉಳಿಯಿತು, ಎಷ್ಟು ಹಳ್ಳಕ್ಕೆ ಓಡಿತು? ಓಡಿದ್ದು ಎಲ್ಲಿಗೆ ಹೋಗುತ್ತದೆಂದು ತಿಳಿಯುವುದೂ ಒಂದು ಸೊಗಸು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ನಮ್ಮ ಕೊರಟಗೆರೆ, ಮಧುಗಿರಿ ಸೀಮೆ ಹಾದು ಆಂಧ್ರಕ್ಕೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಬೆಟ್ಟದ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಗೆ. ಒಂದೇ ಬೆಟ್ಟದ ಮೇಲೆ ಬಿದ್ದ ಎರಡು ಹನಿ, ಕೂಡುವುದು ಸಮುದ್ರದಲ್ಲಿ.

ನೋಡುವ ಕಣ್ಣಿಗೆ ಹಣವೂ ಸಿಕ್ಕೀತು. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಒಂದು ಮನೆಯವರ ಜಮೀನಿನಲ್ಲಿ ಒಂದು ಹಲಸಿನ ಮರ. ಹಣ್ಣು ಸಣ್ಣದು, ಸರಾಸರಿ ಎರಡೂವರೆ ಕಿಲೋ. ತೊಳೆ ತಾಮ್ರದ ಹಾಗೆ ಕೆಂಪು, ಬಲು ಸಿಹಿ. ಅಂಥ ಮರಗಳು ನಮ್ಮ ಹಿತ್ತಿಲಲ್ಲಿ ಎಷ್ಟಿಲ್ಲ? ನೆಂಟರಿಗೆ ಕೊಟ್ಟು, ತಿಂದು, ಬೀಜ ಬಿಸಾಡಿ ಮರೆಯುತ್ತೇವೆ. ಹಲಸಿನ ಬೀಜ ನೆಟ್ಟರೆ ತಾಯಿಯ ಗುಣವೇ ಬರುವುದಿಲ್ಲ, ಕಸಿಯೇ ಆಗಬೇಕು. ಮರ ಒಣಗಿದರೆ ತಳಿಯೇ ಹೋಯಿತು. ತುಮಕೂರಿನ ಹಿರೇಹಳ್ಳಿಯ ತೋಟಗಾರಿಕೆ ಕೇಂದ್ರದವರು ಆ ಹಣ್ಣನ್ನು ಪರೀಕ್ಷಿಸಿ, ಮರ ನೆಟ್ಟ ಹಿರಿಯರ ಹೆಸರಿನಲ್ಲಿ ‘ಸಿದ್ದು’ ಎಂದು ಕರೆದರು. 2017ರಲ್ಲಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ಮನೆಯವರೊಂದಿಗೆ ಒಪ್ಪಂದ ಮಾಡಿಕೊಂಡು ಕಸಿ ಗಿಡಗಳನ್ನು ಬೆಳೆಸಿತು. ಮಾರಿದ ಗಿಡದಲ್ಲಿ ಮನೆಯವರಿಗೂ ಪಾಲು. ನಿಮ್ಮ ಊರಿನ ಯಾವ ಹುಣಸೆ ಪ್ರತಿ ವರ್ಷ ತಪ್ಪದೆ ಕಾಯುತ್ತದೆ, ಯಾವುದು ವರ್ಷ ಬಿಟ್ಟು ವರ್ಷ? ಬಲ್ಲವರಿದ್ದರೆ ಹಿರೇಹಳ್ಳಿಗೆ ಒಂದು ಕಾಗದ ಬರೆಯಿರಿ.

ಕೊನೆಯದಾಗಿ ನೀರಿನ ಮಾತು. ಇದನ್ನು ಕಡೆಗೆ ಇಟ್ಟದ್ದು ಬೇಕೆಂದೇ. 1930ರ ದಶಕದ ಮೊದಲ ವರ್ಷಗಳಲ್ಲಿ, ನಮ್ಮ ಪಾವಗಡದ ಗಡಿಯಾಚೆಯ ಆಂಧ್ರದಲ್ಲಿ, ಆಗಿನ ನೆಲ್ಲೂರು ಜಿಲ್ಲೆಯ ದರ್ಶಿ ಸೀಮೆಯ ರೈತರು ಒಂದು ಸಂಗತಿ ಕಂಡರು. ದುಡಿಯುವ ಎತ್ತುಗಳು ಕೀಲು ಬಿಗಿದು ಕುಂಟುತ್ತಿದ್ದವು. ವಯಸ್ಸಾಗಿರಲಿಲ್ಲ, ಪೆಟ್ಟು ಬಿದ್ದಿರಲಿಲ್ಲ. ರೈತರು ಇದನ್ನು ಹಣೆಬರಹವೆಂದು ಬಿಡಲಿಲ್ಲ. ಕೆಲವು ವರ್ಷಗಳ ಮೇಲೆ, 1937ರಲ್ಲಿ, ಅದೇ ಜಿಲ್ಲೆಯಲ್ಲಿ ಮನುಷ್ಯರಿಗೂ ಅದೇ ರೋಗ ಇರುವುದನ್ನು ವೈದ್ಯರು ಬರೆದು ಪ್ರಕಟಿಸಿದರು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಂಬ ಅಂಶ ಹೆಚ್ಚಾಗಿ ಬರುವ ರೋಗ ಅದು. ಇಂಡಿಯಾದಲ್ಲಿ ಆ ರೋಗ ಮೊದಲು ಕಣ್ಣಿಗೆ ಬಿದ್ದದ್ದು ಹೀಗೆ, ಎತ್ತಿನ ಕಾಲು ನೋಡಿದ ರೈತನಿಂದ.

ಪಾವಗಡದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಬಿದ್ದ ಮಕ್ಕಳನ್ನು ಕಂಡಿದ್ದೀರಿ. ನಲವತ್ತಕ್ಕೇ ಬೆನ್ನು ಬಗ್ಗಿಸಲಾಗದ, ಕುತ್ತಿಗೆ ತಿರುಗಿಸಲಾಗದ ಜನರನ್ನು ಕಂಡಿದ್ದೀರಿ. ‘ನಮ್ಮೂರ ಹಲ್ಲೇ ಹಾಗೆ’ ಎಂದು ಹೇಳಿ ಹೇಳಿ ಕೇಳುವುದನ್ನು ಬಿಟ್ಟಿದ್ದೇವೆ. ಹಲ್ಲು ಹಾಗಲ್ಲ, ನೀರು ಹಾಗೆ. ನಮ್ಮ ನೆಲದಡಿಯ ಬಂಡೆಯಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತಷ್ಟೂ ಅದು ಕರಗಿ ಬರುತ್ತದೆ. ಕೊಳವೆಬಾವಿ ಆಳಕ್ಕೆ ಇಳಿದ ಹಾಗೆ ಅಂಥ ಹಳೆಯ ನೀರು ಸಿಗುವ ಸಂಭವ ಹೆಚ್ಚು. ಒಂದೇ ಊರಿನ ಎರಡು ಕೊಳವೆಬಾವಿಯಲ್ಲಿ ಒಂದು ಒಳ್ಳೆಯದು, ಒಂದು ಕೆಟ್ಟದ್ದು ಆಗಿರಬಹುದು. ನೋಡಿದರೆ ತಿಳಿಯದು, ಕುಡಿದರೆ ರುಚಿಯೂ ಬೇರೆಯಿಲ್ಲ. ಕಾಯಿಸಿದರೂ ಹೋಗುವುದಿಲ್ಲ, ನೀರು ಇಂಗಿ ಅಂಶ ಇನ್ನೂ ಗಟ್ಟಿಯಾಗುತ್ತದೆ. ಮಕ್ಕಳಿಗೆ ಎಂಟು ವರ್ಷ ತುಂಬುವುದರೊಳಗೆ, ಅಂದರೆ ಶಾಶ್ವತ ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದಲ್ಲಿ, ಕುಡಿದ ನೀರೇ ಹಲ್ಲನ್ನು ಕೆಡಿಸುವುದು. ಬಿದ್ದ ಗೆರೆ ಆಮೇಲೆ ಉಜ್ಜಿದರೆ ಹೋಗದು. ಬಿಗಿದ ಮೂಳೆ ಸಡಿಲವಾಗದು.

ಆದ್ದರಿಂದ ಮನೆಯಲ್ಲಿ ಚಿಕ್ಕ ಮಗುವಿದ್ದರೆ, ಬಸುರಿ ಹೆಣ್ಣುಮಗಳಿದ್ದರೆ, ಈ ಒಂದು ಪ್ರಶ್ನೆಯನ್ನು ಈ ವಾರವೇ ಕೇಳಿಬಿಡಿ: ನಾವು ಕುಡಿಯುವ ನೀರಿನಲ್ಲಿ ಫ್ಲೋರೈಡ್ ಎಷ್ಟು? ಲೀಟರಿಗೆ ಒಂದು ಮಿಲಿಗ್ರಾಮಿನೊಳಗಿದ್ದರೆ ಸರಿ. ಬೇರೆ ನೀರು ಸಿಗದಿದ್ದರೆ ಒಂದೂವರೆಯ ತನಕ ಒಪ್ಪಬಹುದು. ಅದಕ್ಕೆ ಮೇಲಾದರೆ ಆ ನೀರು ಬಟ್ಟೆಗೆ, ಪಾತ್ರೆಗೆ ಇರಲಿ. ಕುಡಿಯಲು, ಅಡಿಗೆಗೆ, ಮಗುವಿನ ಸರಿ ಕಾಯಿಸಲು ಶುದ್ಧ ನೀರಿನ ಘಟಕದ್ದೋ ಮಾಡಿನ ಮೇಲೆ ಬಿದ್ದು ಸೋಸಿ ಹಿಡಿದ ಮಳೆಯ ನೀರೋ ಆಗಲಿ. ಶುದ್ಧ ನೀರಿನ ಘಟಕವಿದೆಯೆಂದು ಸುಮ್ಮನಿರಬೇಡಿ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ, ಅದರ ನೀರನ್ನೂ ಪರೀಕ್ಷೆಗೆ ಕೊಡಿ. ಪಂಚಾಯಿತಿಯಲ್ಲಿ ವಿಚಾರಿಸಿದರೆ ನೀರು ಪರೀಕ್ಷೆಯ ದಾರಿ ತಿಳಿಯುತ್ತದೆ. ‘ಎಲ್ಲಾ ಸರಿಯಾಗಿದೆ’ ಎಂಬ ಬಾಯಿಮಾತಿಗೆ ತೃಪ್ತರಾಗದೆ ಅಂಕಿಯನ್ನು ಬರೆಸಿಕೊಳ್ಳಿ.

ನೀರು ಕೊಡುವ ಕ್ರಮ ಹೀಗೆ. ಒಂದು ಲೀಟರಿನ ಪ್ಲಾಸ್ಟಿಕ್ ಸೀಸೆ ತೆಗೆದುಕೊಳ್ಳಿ. ಸೋಪು ಹಾಕಬೇಡಿ, ಪರೀಕ್ಷೆ ಮಾಡಿಸಬೇಕಾದ ನೀರಿನಿಂದಲೇ ಮೂರು ಸಲ ಗಲಬರಿಸಿ. ಕೊಳವೆಬಾವಿಯಾದರೆ ನಾಲ್ಕೈದು ನಿಮಿಷ ನೀರು ಹೊರಕ್ಕೆ ಬಿಟ್ಟು ಆಮೇಲೆ ತುಂಬಿ. ಬಿಗಿಯಾಗಿ ಮುಚ್ಚಿ, ಯಾವ ಬಾವಿ, ಯಾವ ಊರು, ಯಾವ ತಾರೀಕು ಎಂದು ಚೀಟಿ ಅಂಟಿಸಿ. ಊರಿನಲ್ಲಿ ನಾಲ್ಕು ಬಾವಿಯಿದ್ದರೆ ನಾಲ್ಕು ಸೀಸೆ.